ಖಾನಾಪುರದ ಸಾಲುಗಳನ್ನು ಕಳಿಸುವ ಮುನ್ನ

ತಂಗೀ,

ನಿಮ್ಮ ಸಂಘದ ಬೆಳಗಾವಿ ಮುಖ್ಯ ಕಚೇರಿಯ ಡೇಟಾಬೇಸಿನಿಂದ ಖಾನಾಪುರ ಶಾಖೆಯ ಸರ್ವರ್‌ಗೆ ಆ ತಾಲೂಕಿನ ಸಾಲುಗಳನ್ನಷ್ಟೇ ಕಳಿಸುವ ಕೆಲಸ ನಿನ್ನ ಪಾಲಿಗೆ ಬಂದದ್ದು ಕೇಳಿ ಸಂತೋಷವಾಯಿತು. ಇಡೀ ಜಿಲ್ಲೆಯ ಸದಸ್ಯರ ವಿವರ ಒಂದು ಶಾಖೆಗೆ ಬೇಕಾಗಿಲ್ಲ, ಅಲ್ಲಿ ಇರಲೂಬಾರದು. ಪೋಸ್ಟ್‌ಗ್ರೆಸ್‌ನ ಲಾಜಿಕಲ್ ರೆಪ್ಲಿಕೇಶನ್‌ನಲ್ಲಿ ಪಬ್ಲಿಕೇಶನ್‌ಗೆ ಒಂದು ವೇರ್ ಷರತ್ತು ಹಾಕಿದರೆ ಮುಗಿಯಿತು ಎಂದು ನೀನು ಅಂದುಕೊಂಡೆ. ನೀನು ಬರೆದ ಷರತ್ತಿನಲ್ಲಿ ಮೂರು ಸಂಗತಿ ಇದ್ದವು: ಸದಸ್ಯ ಖಾನಾಪುರದವನೋ ಅಲ್ಲವೋ ಎಂದು ಹೇಳುವ ನೀನೇ ಬರೆದ ಫಂಕ್ಷನ್, ಕಳೆದ ತೊಂಬತ್ತು ದಿನಗಳ ವ್ಯವಹಾರ ಮಾತ್ರ ಎಂಬ ನಿಯಮ, ಮತ್ತು ಖಾತೆಯ ಸ್ಥಿತಿ ‘ಚಾಲ್ತಿ’ ಇರಬೇಕು ಎಂಬುದು. ಮೂರನ್ನೂ ಅದು ತಿರಸ್ಕರಿಸಿತು. ‘ಇಷ್ಟು ದೊಡ್ಡ ಡೇಟಾಬೇಸಿಗೆ ಇಷ್ಟು ಸಣ್ಣ ಷರತ್ತು ಯಾಕೆ ಆಗೂದಿಲ್ಲ ಕಾಕಾ’ ಅಂತ ಕೇಳಿದೆಯಲ್ಲ, ಅದಕ್ಕೆ ಫೋನಿನಲ್ಲಿ ಉತ್ತರ ಹೇಳಿ ಮುಗಿಸುವುದು ಸರಿ ಕಾಣಲಿಲ್ಲ. ಹಾಗಾಗಿ ಕೂತು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಈ ನಿರ್ಬಂಧಗಳು ಅರ್ಧ ಮುಗಿದ ಕೆಲಸದ ಗುರುತಲ್ಲ. ಲಾಜಿಕಲ್ ರೆಪ್ಲಿಕೇಶನ್ ಪೋಸ್ಟ್‌ಗ್ರೆಸ್‌ನೊಳಗೇ ಬಂದದ್ದು 2017ರಲ್ಲಿ, ಹತ್ತನೇ ಆವೃತ್ತಿಯಲ್ಲಿ. ಆಗ ಟೇಬಲ್ ಕಳಿಸಿದರೆ ಇಡಿಯಾಗಿ ಕಳಿಸಬೇಕಿತ್ತು. ಸಾಲುಗಳನ್ನು ಸೋಸಿ ಕಳಿಸುವ ಪ್ರಸ್ತಾಪವನ್ನು ಬ್ರೆಜಿಲ್‌ನ ಯೂಲರ್ ತವೇರಾ 2018ರಲ್ಲೇ ಮುಂದಿಟ್ಟರು. ಅದು ಹಲವರ ಕೈ ದಾಟಿ, ನಮ್ಮ ದೇಶದ ಅಮಿತ್ ಕಪಿಲಾ ಅವರ ಕೈಯಿಂದ ಮೂಲ ಕೋಡಿಗೆ ಸೇರಿದ್ದು 2022ರ ಫೆಬ್ರವರಿಯಲ್ಲಿ. ಬಳಕೆದಾರರಿಗೆ ಸಿಕ್ಕಿದ್ದು ಅದೇ ವರ್ಷ ಅಕ್ಟೋಬರ್ 13ರಂದು, ಹದಿನೈದನೇ ಆವೃತ್ತಿಯೊಂದಿಗೆ. ಸಾಲನ್ನು ಸೋಸುವ ಕೋಡು ಬರೆಯುವುದು ಅಂಥ ಕಷ್ಟದ ಕೆಲಸವಲ್ಲ. ಆ ಷರತ್ತಿನಲ್ಲಿ ಏನನ್ನು ಬರೆಯಲು ಬಿಡಬೇಕು, ಏನನ್ನು ಬಿಡಬಾರದು ಎಂಬುದನ್ನು ತೀರ್ಮಾನಿಸುವುದೇ ಕಷ್ಟದ್ದು. ನಾಲ್ಕು ವರ್ಷ ತಲೆ ಕೆಡಿಸಿಕೊಂಡವರು ಬೇಡ ಅಂದದ್ದಕ್ಕೆ ಕಾರಣ ಇದ್ದೇ ಇರುತ್ತದೆ.

ಕಾರಣ ತಿಳಿಯಲು ನಮ್ಮ ರವಿವಾರ ಪೇಟೆಯ ಹಳೆಯ ಅಂಗಡಿಯ ಲೆಕ್ಕ ನೆನಪಿಸಿಕೊ. ದಿನದ ವ್ಯವಹಾರವೆಲ್ಲ ನಡೆದ ಕ್ರಮದಲ್ಲೇ ಕಿರ್ದಿಗೆ ಬೀಳುತ್ತದೆ. ಆಮೇಲೆ ಯಾರೋ ಕೂತು ಅದನ್ನು ಖತಾವಣಿಗೆ ಎತ್ತಿ ಬರೆಯುತ್ತಾರೆ. ಪೋಸ್ಟ್‌ಗ್ರೆಸ್‌ನ ವಾಲ್ ಲಾಗ್ ಆ ಕಿರ್ದಿ ಇದ್ದಂತೆ. ಖಾನಾಪುರಕ್ಕೆ ಸಾಲು ಕಳಿಸುವ ವಾಲ್‌ಸೆಂಡರ್ ಓದುವುದು ಟೇಬಲನ್ನಲ್ಲ, ಈ ಕಿರ್ದಿಯನ್ನು. ನಿನ್ನ ಷರತ್ತು ಪರೀಕ್ಷೆಯಾಗುವುದು ಕೌಂಟರಿನಲ್ಲಿ ಎಂಟ್ರಿ ಹಾಕುವ ಹೊತ್ತಿಗಲ್ಲ, ಆ ಎಂಟ್ರಿಯನ್ನು ಆಮೇಲೆ ಓದುವ ಹೊತ್ತಿಗೆ. ಆ ‘ಆಮೇಲೆ’ ಅರೆ ಕ್ಷಣವಿರಬಹುದು, ಖಾನಾಪುರದ ಲೈನು ಹೋಗಿದ್ದರೆ ಎರಡು ದಿನವೂ ಇರಬಹುದು. ಓದುವಾಗ ವಾಲ್‌ಸೆಂಡರ್ ತನ್ನನ್ನು ಆ ಎಂಟ್ರಿ ಬಿದ್ದ ಕಾಲದಲ್ಲೇ ಇಟ್ಟುಕೊಳ್ಳುತ್ತದೆ. ಆಗ ಟೇಬಲಿನ ರಚನೆ ಹೇಗಿತ್ತು, ಯಾವ ಕಾಲಂ ಇತ್ತು, ಯಾವ ಫಂಕ್ಷನ್ ಇತ್ತು ಎಂದು ಹಳೆಯ ಚಿತ್ರವನ್ನೇ ನೋಡುತ್ತದೆ. ನಿನ್ನ ಮೂರೂ ಪ್ರಶ್ನೆಗಳಿಗೆ ಉತ್ತರ ಇಷ್ಟರಲ್ಲೇ ಇದೆ.

ನಿನ್ನ ಫಂಕ್ಷನ್ ತೆಗೆದುಕೊ. ಸದಸ್ಯನ ಊರಿನ ಹೆಸರು ಹಿಡಿದು, ಗ್ರಾಮಗಳ ಟೇಬಲಿನಲ್ಲಿ ಹುಡುಕಿ, ಅದು ಖಾನಾಪುರ ತಾಲೂಕಿನದೇ ಎಂದು ಹೇಳುತ್ತದೆ. ಜಾಂಬೋಟಿ, ಕಣಕುಂಬಿ, ನಂದಗಡ, ಇಟಗಿ, ಲೋಂಡಾ ಎಲ್ಲಕ್ಕೂ ಸರಿಯಾದ ಉತ್ತರವನ್ನೇ ಕೊಟ್ಟಿತು ಅಂದೆ. ಈಗ ಕೊಡುತ್ತದೆ, ನಿಜ. ಆದರೆ ವಾಲ್‌ಸೆಂಡರ್ ಹಳೆಯ ಚಿತ್ರ ಹಿಡಿದು ಕೂತಾಗ ಅದೇ ಫಂಕ್ಷನ್ ಗ್ರಾಮಗಳ ಟೇಬಲನ್ನು ತೆರೆದರೆ ಏನಾಗಬೇಕು? ಆ ಹಳೆಯ ಕಾಲದ ಸ್ಥಿತಿ ಉಳಿದಿರುವುದು ಡೇಟಾಬೇಸಿನ ಸ್ವಂತ ಕ್ಯಾಟಲಾಗ್‌ಗಳಿಗೆ ಮಾತ್ರ. ನಿನ್ನ ಗ್ರಾಮಗಳ ಟೇಬಲಿನ ಹಳೆಯ ಸಾಲುಗಳನ್ನು ವ್ಯಾಕ್ಯೂಮ್ ಆಗಲೇ ಗುಡಿಸಿ ಹಾಕಿರಬಹುದು. ಸಿಗುವ ಉತ್ತರಕ್ಕೆ ಯಾವ ಭರವಸೆಯೂ ಇಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಾಳೆ ಯಾರೋ ಆ ಫಂಕ್ಷನ್ ಅಳಿಸಿದರು, ಅಥವಾ ಅದರೊಳಗೆ ಸೊನ್ನೆಯಿಂದ ಭಾಗಿಸುವಂಥ ಒಂದು ದೋಷ ಬಂತು ಅಂದುಕೊ. ವಾಲ್‌ಸೆಂಡರ್ ಆ ಎಂಟ್ರಿಗೆ ಬಂದು ನಿಲ್ಲುತ್ತದೆ. ನೀನು ಗಾಬರಿಯಿಂದ ಫಂಕ್ಷನ್ ಮತ್ತೆ ಬರೆಯುತ್ತೀಯ. ಏನೂ ಪ್ರಯೋಜನವಿಲ್ಲ. ಏಕೆಂದರೆ ಅದು ನೋಡುತ್ತಿರುವ ಹಳೆಯ ಕಾಲದಲ್ಲಿ ನಿನ್ನ ಹೊಸ ಫಂಕ್ಷನ್ ಇನ್ನೂ ಹುಟ್ಟಿಯೇ ಇಲ್ಲ. ಅದೇ ಎಂಟ್ರಿಗೆ ಬರುತ್ತದೆ, ಅದೇ ದೋಷ, ಮತ್ತೆ ನಿಲ್ಲುತ್ತದೆ. ಸಾಮಾನ್ಯ ಕ್ವೆರಿಯಲ್ಲಿ ತಪ್ಪಾದರೆ ತಿದ್ದಿ ಮತ್ತೆ ಓಡಿಸಬಹುದು. ಕಳೆದುಹೋದ ಕಾಲದಲ್ಲಿ ಆದ ತಪ್ಪನ್ನು ಇವತ್ತು ಕೂತು ತಿದ್ದಲು ಬರುವುದಿಲ್ಲ. ಆದ್ದರಿಂದಲೇ ಬಳಕೆದಾರರು ಬರೆದ ಫಂಕ್ಷನ್, ಆಪರೇಟರ್, ಟೈಪ್, ಕೊಲೇಶನ್ ಯಾವುದನ್ನೂ ಫಿಲ್ಟರಿನೊಳಗೆ ಬಿಡುವುದಿಲ್ಲ. ಒಳ ಕ್ವೆರಿ ಬರೆದು ಇನ್ನೊಂದು ಟೇಬಲ್ ನೋಡುವುದಕ್ಕೂ ಅವಕಾಶವಿಲ್ಲ. ಡೇಟಾಬೇಸಿನ ಜತೆಗೇ ಬಂದ, ಒಂದೇ ಇನ್‌ಪುಟ್‌ಗೆ ಎಂದೆಂದಿಗೂ ಒಂದೇ ಉತ್ತರ ಕೊಡುವ ಫಂಕ್ಷನ್‌ಗಳಿಗೆ ಮಾತ್ರ ಒಳಗೆ ಜಾಗ.

ತೊಂಬತ್ತು ದಿನದ ನಿಯಮ ಬಿದ್ದುಹೋದದ್ದೂ ಇಲ್ಲೇ. ‘ಇವತ್ತು’ ಎಂಬುದು ಓದುವ ದಿನದ ಮೇಲೆ ನಿಂತಿದೆ. ತೊಂಬತ್ತನೇ ದಿನದ ಒಂದು ವ್ಯವಹಾರವನ್ನು ಗುಮಾಸ್ತ ಸೋಮವಾರ ತಿದ್ದಿದ ಅನ್ನು. ಲೈನು ಸರಿ ಇದ್ದರೆ ಆ ತಿದ್ದುಪಡಿ ಹೋಗುತ್ತದೆ. ಲೈನು ಬುಧವಾರ ಬಂದರೆ ಅದೇ ತಿದ್ದುಪಡಿ ಹೋಗುವುದಿಲ್ಲ. ಖಾನಾಪುರದ ಲೆಕ್ಕ ಅಲ್ಲಿಯ ಮಳೆಯ ಮೇಲೆ ನಿಂತ ಹಾಗಾಗುತ್ತದೆ. ಇನ್ನೊಂದು ಮಾತು: ದಿನ ಕಳೆದು ಸಾಲು ಹಳತಾದಾಗ ಕಿರ್ದಿಗೆ ಏನೂ ಬೀಳುವುದಿಲ್ಲ, ಹಾಗಾಗಿ ಅದು ಖಾನಾಪುರದಿಂದ ತಾನಾಗಿ ಹೋಗುವುದೂ ಇಲ್ಲ. ತೊಂಬತ್ತು ದಿನ ಬೇಕಿರುವುದು ಅಲ್ಲಿಯ ಪರದೆಗೆ ತಾನೆ? ತಾಲೂಕಿನ ಸಾಲುಗಳೆಲ್ಲ ಹೋಗಲಿ. ಅಲ್ಲಿ ಒಂದು ವ್ಯೂ ಮಾಡಿ ಅದರಲ್ಲಿ ದಿನಾಂಕದ ಷರತ್ತು ಹಾಕು. ವ್ಯೂ ವರ್ತಮಾನದಲ್ಲೇ ಬದುಕುತ್ತದೆ, ಅದಕ್ಕೆ ‘ಇವತ್ತು’ ಅಂದರೆ ಅರ್ಥವಾಗುತ್ತದೆ. ಟೈಮ್‌ಝೋನ್ ಇರುವ ಕಾಲಂನಿಂದ ವರ್ಷ ಅಥವಾ ದಿನಾಂಕ ತೆಗೆಯುವುದೂ ಫಿಲ್ಟರಿನಲ್ಲಿ ನಡೆಯುವುದಿಲ್ಲ, ಅದರ ಉತ್ತರ ಸೆಶನ್ನಿನ ಟೈಮ್‌ಝೋನ್ ಮೇಲೆ ಬದಲಾಗುತ್ತದೆ ಎಂಬ ಕಾರಣಕ್ಕೆ. ಇದು ಬಹಳ ಜನರನ್ನು ಎಡವಿಸುವ ಕಲ್ಲು, ನೆನಪಿಡು.

‘ಚಾಲ್ತಿ’ ಎಂಬ ಸ್ಥಿತಿಗೆ ನೀನು ಈನಮ್ ಟೈಪ್ ಮಾಡಿಕೊಂಡಿದ್ದೀಯ. ಅದು ನೀನು ಹುಟ್ಟಿಸಿದ ಟೈಪ್, ಹಾಗಾಗಿ ಒಪ್ಪುವುದಿಲ್ಲ. ಆ ಕಾಲಂ ಹೇಗಾದರೂ ಫಿಲ್ಟರಿನಲ್ಲಿ ಬೇಕೇಬೇಕೆಂದರೆ ಸಾಮಾನ್ಯ ಟೆಕ್ಸ್ಟ್ ಅಥವಾ ಸಣ್ಣ ಸಂಖ್ಯೆಯಾಗಿ ಇಟ್ಟು ಚೆಕ್ ನಿಯಮ ಹಾಕು. ನನ್ನನ್ನು ಕೇಳಿದರೆ ಅದು ಬೇಕಿಲ್ಲ. ಖಾತೆಯ ಸ್ಥಿತಿ ತಿಂಗಳಿಗೊಮ್ಮೆ ಬದಲಾಗುವಂಥದ್ದು. ಅಂಥದ್ದರ ಮೇಲೆ ಫಿಲ್ಟರ್ ನಿಲ್ಲಿಸಬಾರದು.

ಹಾಗಾದರೆ ಯಾವುದರ ಮೇಲೆ ನಿಲ್ಲಿಸಬೇಕು? ಒಂದು ತಾಲೂಕು ಕೋಡ್, ಅಷ್ಟೇ. ಖಾನಾಪುರಕ್ಕೆ ಸೇರಿದ್ದೋ ಎಂಬ ವಿಚಾರವನ್ನು ಎಂಟ್ರಿ ಹಾಕುವ ಹೊತ್ತಿಗೇ ಮಾಡಿ ಮುಗಿಸು. ನಿನ್ನ ಆ ಫಂಕ್ಷನ್ ಹಾಳಾಗುವುದು ಬೇಡ, ಅದನ್ನು ಟ್ರಿಗರಿನಲ್ಲಿ ಹಾಕಿ, ಉತ್ತರವನ್ನು ಸಾಲಿನಲ್ಲೇ ಒಂದು ಕಾಲಂ ಆಗಿ ಬರೆದಿಡು. ಆಗ ಗ್ರಾಮಗಳ ಟೇಬಲ್ ಕಣ್ಣ ಮುಂದಿರುತ್ತದೆ, ತಪ್ಪಾದರೆ ಕೌಂಟರಿನಲ್ಲಿರುವವರಿಗೆ ಅಲ್ಲೇ ಗೊತ್ತಾಗುತ್ತದೆ. ಫಿಲ್ಟರಿಗೆ ಉಳಿಯುವುದು ಬರೆದಿಟ್ಟದ್ದನ್ನು ಓದುವ ಕೆಲಸ ಮಾತ್ರ. ಆ ಕಾಲಂ ಖಾಲಿ ಇರಲು ಬಿಡಬೇಡ. ಷರತ್ತಿನ ಉತ್ತರ ನಲ್ ಬಂದರೆ ಸಾಲು ಹೋಗುವುದೇ ಇಲ್ಲ, ಯಾರೂ ಎಚ್ಚರಿಸುವುದೂ ಇಲ್ಲ.

ಕೋಡ್ ಅಂದೆ, ಹೆಸರು ಅನ್ನಲಿಲ್ಲ. ನಮ್ಮ ಗಡಿಯ ಊರುಗಳ ಹೆಸರನ್ನು ಒಬ್ಬರು ಕನ್ನಡದಲ್ಲಿ, ಒಬ್ಬರು ಮರಾಠಿಯಲ್ಲಿ, ಇನ್ನೊಬ್ಬರು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಖಾನಾಪುರ, ಖಾನಾಪೂರ ಎರಡೂ ನಿಮ್ಮ ಟೇಬಲಿನಲ್ಲಿ ಸಿಕ್ಕಾವು. ಎಲ್ಲವನ್ನೂ ಒಂದೇ ಎಂದು ನೋಡುವ ಕೊಲೇಶನ್ ಬರೆಯೋಣವೆಂದರೆ ಅದಕ್ಕೂ ಒಪ್ಪಿಗೆ ಇಲ್ಲ. 2014ರ ನವೆಂಬರ್ 1ರಂದು ಸರ್ಕಾರ ಬೆಳಗಾಂ ಎಂಬುದನ್ನು ಬೆಳಗಾವಿ ಮಾಡಿತು, ಅದರೊಂದಿಗೆ ರಾಜ್ಯದ ಇನ್ನೂ ಹನ್ನೊಂದು ಊರುಗಳ ಹೆಸರು ಬದಲಾಯಿತು. ಹೆಸರು ಹಿಡಿದು ಬರೆದ ಷರತ್ತಿಗೆ ಅಂಥ ದಿನ ಏನಾಗುತ್ತಿತ್ತು ಯೋಚಿಸು.

ಈಗ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ಜಾಗಕ್ಕೆ ಬರುತ್ತೇನೆ. ತಾಲೂಕು ಕೋಡ್ ಹಾಕಿ ಪಬ್ಲಿಕೇಶನ್ ಮಾಡುತ್ತೀಯ, ಆಗುತ್ತದೆ. ಖಾನಾಪುರದಲ್ಲಿ ಸಬ್‌ಸ್ಕ್ರಿಪ್ಶನ್ ಮಾಡುತ್ತೀಯ, ಇರುವ ಸಾಲುಗಳೆಲ್ಲ ಬಂದು ಕೂರುತ್ತವೆ. ನೆಮ್ಮದಿಯಿಂದ ಮನೆಗೆ ಹೋಗುತ್ತೀಯ. ಮರುದಿನ ಬೆಳಿಗ್ಗೆ ಬೆಳಗಾವಿಯ ಕೌಂಟರಿಗೆ ಒಬ್ಬ ಸದಸ್ಯ ಬಂದು ಮೊಬೈಲ್ ನಂಬರ್ ಬದಲಿಸಲು ಕೇಳುತ್ತಾನೆ. ಗುಮಾಸ್ತ ನಂಬರ್ ತಿದ್ದಿ ಬಟನ್ ಒತ್ತುತ್ತಾನೆ. ಟೇಬಲ್ ಅಪ್‌ಡೇಟ್ ಮಾಡಲಾಗದು ಎಂಬ ದೋಷ ಬರುತ್ತದೆ. ಪಬ್ಲಿಕೇಶನ್ನಿನ ಷರತ್ತಿನಲ್ಲಿ ಬಳಸಿದ ಕಾಲಂ ರೆಪ್ಲಿಕಾ ಐಡೆಂಟಿಟಿಯ ಭಾಗವಲ್ಲ ಎಂಬ ವಿವರ ಅದರ ಕೆಳಗೆ. ಅವನು ಮುಟ್ಟಿದ್ದು ಮೊಬೈಲ್ ನಂಬರನ್ನು, ಆ ಸದಸ್ಯ ಖಾನಾಪುರದವನೂ ಅಲ್ಲ, ಗೋಕಾಕದವನು. ಆದರೂ ತಿದ್ದಲು ಬರುವುದಿಲ್ಲ. ಹೊಸ ಸದಸ್ಯರನ್ನು ಸೇರಿಸುವುದು ನಡೆಯುತ್ತದೆ, ಇದ್ದವರನ್ನು ತಿದ್ದುವುದು, ಅಳಿಸುವುದು ಎರಡೂ ನಿಂತಿರುತ್ತವೆ. ಪಬ್ಲಿಕೇಶನ್ ಮಾಡುವಾಗ ಈ ಪರೀಕ್ಷೆ ಆಗುವುದಿಲ್ಲ. ಮೊದಲ ಅಪ್‌ಡೇಟ್ ಬಂದಾಗ ಆಗುತ್ತದೆ. ತೊಂದರೆ ತಟ್ಟುವುದು ಖಾನಾಪುರಕ್ಕಲ್ಲ, ಬೆಳಗಾವಿಗೆ.

ಈ ನಿಯಮದ ಹಿಂದಿನ ಲೆಕ್ಕ ಹೀಗಿದೆ. ಅಪ್‌ಡೇಟ್ ಆದಾಗ ಕಿರ್ದಿಗೆ ಹೊಸ ಸಾಲು ಬೀಳುತ್ತದೆ, ಹಳೆಯ ಸಾಲು ಪೂರ್ತಿ ಬೀಳುವುದಿಲ್ಲ. ಸಾಲನ್ನು ಗುರುತಿಸುವ ಕಾಲಂಗಳು, ಅಂದರೆ ರೆಪ್ಲಿಕಾ ಐಡೆಂಟಿಟಿ, ಬದಲಾಗಿದ್ದರೆ ಅವುಗಳ ಹಳೆಯ ಬೆಲೆ ಮಾತ್ರ ಬೀಳುತ್ತದೆ. ಮೊದಲಿಗೆ ಅದು ಪ್ರೈಮರಿ ಕೀ ಆಗಿರುತ್ತದೆ. ಡಿಲೀಟ್‌ಗಂತೂ ಬೀಳುವುದು ಆ ಗುರುತು ಒಂದೇ. ತಾಲೂಕು ಕೋಡ್ ಆ ಗುರುತಿನೊಳಗೆ ಇಲ್ಲದಿದ್ದರೆ, ಅಳಿಸಿದ ಸಾಲು ಖಾನಾಪುರದ್ದಾಗಿತ್ತೋ ಗೋಕಾಕದ್ದಾಗಿತ್ತೋ ಎಂದು ಕಿರ್ದಿ ಓದುವವನಿಗೆ ತಿಳಿಯುವ ದಾರಿಯೇ ಇಲ್ಲ. ಪಬ್ಲಿಕೇಶನ್ ಇನ್ಸರ್ಟ್‌ಗಳನ್ನು ಮಾತ್ರ ಕಳಿಸುವುದಾದರೆ ಈ ನಿಯಮ ಅನ್ವಯಿಸುವುದಿಲ್ಲ, ಹೊಸ ಸಾಲು ಪೂರ್ತಿಯಾಗಿ ಕಣ್ಣೆದುರಿಗೆ ಇರುತ್ತದಲ್ಲ.

ಪರಿಹಾರ ಸರಳ. ತಾಲೂಕು ಕೋಡ್ ಮತ್ತು ಸದಸ್ಯರ ಸಂಖ್ಯೆ ಎರಡೂ ಸೇರಿದ ಒಂದು ಯುನೀಕ್ ಇಂಡೆಕ್ಸ್ ಮಾಡಿ, ಅದನ್ನೇ ರೆಪ್ಲಿಕಾ ಐಡೆಂಟಿಟಿ ಎಂದು ಟೇಬಲಿಗೆ ಹೇಳು. ಎರಡೂ ಕಾಲಂ ನಾಟ್ ನಲ್ ಆಗಿರಬೇಕು. ಅದೇ ಇಂಡೆಕ್ಸ್ ಖಾನಾಪುರದಲ್ಲೂ ಇರಲಿ. ‘ಫುಲ್’ ಎಂದು ಹಾಕಿಬಿಡು, ಇಡೀ ಹಳೆಯ ಸಾಲು ಬೀಳುತ್ತದೆ ಎಂದು ಯಾರಾದರೂ ಸಲಹೆ ಕೊಡುತ್ತಾರೆ. ಕೆಲಸ ಆಗುತ್ತದೆ, ಆದರೆ ಲಾಗ್ ಉಬ್ಬುತ್ತದೆ; ಖಾನಾಪುರದಲ್ಲಿ ಪ್ರೈಮರಿ ಕೀ ಇಲ್ಲದಿದ್ದರೆ, ಹದಿನಾರಕ್ಕಿಂತ ಹಳೆಯ ಆವೃತ್ತಿಯಲ್ಲಿ ಒಂದೊಂದು ಸಾಲು ಹುಡುಕಲೂ ಇಡೀ ಟೇಬಲ್ ತಿರುವಿ ಹಾಕಬೇಕಾಗುತ್ತದೆ. ಇಂಡೆಕ್ಸ್ ದಾರಿಯೇ ಹಿಡಿ. ಪಬ್ಲಿಕೇಶನ್ ಮಾಡಿದ ಮರುಕ್ಷಣವೇ, ಕಚೇರಿ ಮುಚ್ಚಿದ ಮೇಲೆ, ಒಂದು ಅಪ್‌ಡೇಟ್ ಒಂದು ಡಿಲೀಟ್ ನೀನೇ ಮಾಡಿ ರೋಲ್‌ಬ್ಯಾಕ್ ಮಾಡಿ ನೋಡು. ದೋಷ ಇದ್ದರೆ ಅಲ್ಲೇ ತೋರುತ್ತದೆ.

ತಾಲೂಕು ಕೋಡೂ ಬದಲಾಗುವುದಿಲ್ಲವೇ ಎಂದು ಕೇಳುತ್ತೀಯ. ಬದಲಾಗುತ್ತದೆ, ನಮ್ಮ ಜಿಲ್ಲೆಯಲ್ಲಂತೂ ಕಣ್ಣಾರೆ ಕಂಡಿದ್ದೇವೆ. ಚಿಕ್ಕೋಡಿಯಿಂದ ನಿಪ್ಪಾಣಿ, ಅಥಣಿಯಿಂದ ಕಾಗವಾಡ, ಗೋಕಾಕದಿಂದ ಮೂಡಲಗಿ, ಬೈಲಹೊಂಗಲದಿಂದ ಕಿತ್ತೂರು ಬೇರೆ ತಾಲೂಕುಗಳಾದವು. ನಿಮ್ಮ ಸಂಘಕ್ಕೆ ಚಿಕ್ಕೋಡಿಯಲ್ಲೂ ಇಂಥದೇ ಒಂದು ಸರ್ವರ್ ಇದ್ದು, ನಿಪ್ಪಾಣಿ ಭಾಗದ ಸದಸ್ಯರ ಕೋಡನ್ನು ಬೆಳಗಾವಿಯಲ್ಲಿ ಬದಲಿಸಿದರೆ, ಇಲ್ಲಿ ಅದು ಅಪ್‌ಡೇಟ್. ಚಿಕ್ಕೋಡಿಗೆ ಹೋಗುವುದು ಡಿಲೀಟ್. ನಿಪ್ಪಾಣಿಯಲ್ಲೂ ಸರ್ವರ್ ಇದ್ದರೆ ಅಲ್ಲಿಗೆ ಹೋಗುವುದು ಇನ್ಸರ್ಟ್. ಹಳೆಯದು ಷರತ್ತಿಗೆ ಹೊಂದಿ ಹೊಸದು ಹೊಂದದಿದ್ದರೆ ಅಳಿಸು, ಹಳೆಯದು ಹೊಂದದೆ ಹೊಸದು ಹೊಂದಿದರೆ ಸೇರಿಸು ಎಂದು ಪೋಸ್ಟ್‌ಗ್ರೆಸ್ ತಾನೇ ಬದಲಿಸಿ ಕಳಿಸುತ್ತದೆ. ಬಹಳ ಚಂದದ ವ್ಯವಸ್ಥೆ ಇದು, ಹಳೆಯ ಬೆಲೆ ಕಿರ್ದಿಯಲ್ಲಿ ಇದ್ದರೆ ಮಾತ್ರ ಸಾಧ್ಯ. ರೆಪ್ಲಿಕಾ ಐಡೆಂಟಿಟಿಯ ನಿಯಮ ನಿನ್ನಿಂದ ಕೇಳುತ್ತಿರುವುದು ಇದಕ್ಕಾಗಿಯೇ.

ಖಾನಾಪುರದ ಸದಸ್ಯೆಯೊಬ್ಬಳು ಖಾತೆಯನ್ನು ಬೆಳಗಾವಿಗೆ ವರ್ಗಾಯಿಸಿಕೊಂಡರೂ ಇದೇ. ಖಾನಾಪುರ ಶಾಖೆಯಲ್ಲಿ ಅವಳ ಸಾಲು ಇರುವುದಿಲ್ಲ. ಶಾಖೆಯವರಿಗೆ ಮೊದಲೇ ಹೇಳಿಡು, ಇಲ್ಲವಾದರೆ ಡೇಟಾ ಕಳೆಯಿತೆಂದು ಗಾಬರಿ ಬೀಳುತ್ತಾರೆ. ಅವಳ ಠೇವಣಿ, ವ್ಯವಹಾರದ ಸಾಲುಗಳ ಗತಿಯನ್ನೂ ಯೋಚಿಸು. ಫಿಲ್ಟರ್ ಇನ್ನೊಂದು ಟೇಬಲ್ ನೋಡುವುದಿಲ್ಲವಾದ್ದರಿಂದ ಆ ಟೇಬಲುಗಳಲ್ಲೂ ತಾಲೂಕು ಕೋಡ್ ಇರಲೇಬೇಕು. ಖಾನಾಪುರದಲ್ಲಿ ರೆಪ್ಲಿಕೇಶನ್ ಮೂಲಕ ಬಂದ ಡಿಲೀಟ್‌ಗೆ ಫಾರಿನ್ ಕೀ ಟ್ರಿಗರುಗಳು ಓಡುವುದಿಲ್ಲ. ಸದಸ್ಯೆ ಹೋಗಿ ಅವಳ ವ್ಯವಹಾರ ಮಾತ್ರ ಅನಾಥವಾಗಿ ಉಳಿದೀತು. ಬೆಳಗಾವಿಯಲ್ಲಿ ಫಾರಿನ್ ಕೀಯನ್ನು ತಾಲೂಕು ಕೋಡ್, ಸದಸ್ಯರ ಸಂಖ್ಯೆ ಎರಡರ ಮೇಲೂ ಕಟ್ಟಿ, ಆನ್ ಅಪ್‌ಡೇಟ್ ಕ್ಯಾಸ್ಕೇಡ್ ಎಂದು ಹಾಕು. ಮೊದಲು ಮಾಡಿದ ಆ ಯುನೀಕ್ ಇಂಡೆಕ್ಸೇ ಇದಕ್ಕೂ ಆಧಾರವಾಗುತ್ತದೆ. ಒಂದು ಕಡೆ ಕೋಡ್ ಬದಲಿಸಿದರೆ ಎಲ್ಲ ಕಡೆ ಬದಲಾಗಿ, ಎಲ್ಲವೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಖಾನಾಪುರಕ್ಕೆ ಡಿಲೀಟ್ ಆಗಿ ಹೋಗುತ್ತದೆ. ಅದಕ್ಕೆ ಈ ಟೇಬಲುಗಳೆಲ್ಲ ಒಂದೇ ಸಬ್‌ಸ್ಕ್ರಿಪ್ಶನ್ನಿನಲ್ಲಿ ಇರಬೇಕು, ಒಂದೊಂದರ ರೆಪ್ಲಿಕಾ ಐಡೆಂಟಿಟಿಯಲ್ಲೂ ತಾಲೂಕು ಕೋಡ್ ಇರಬೇಕು.

ಇನ್ನು ಕೆಲವು ಮಾತು ಬೇಗ ಹೇಳುತ್ತೇನೆ. ಒಂದೇ ಟೇಬಲ್ ಎರಡು ಪಬ್ಲಿಕೇಶನ್‌ಗಳಲ್ಲಿದ್ದು, ಎರಡಕ್ಕೂ ಒಂದೇ ಸಬ್‌ಸ್ಕ್ರಿಪ್ಶನ್ ಇದ್ದರೆ ಷರತ್ತುಗಳು ‘ಅಥವಾ’ ಎಂದು ಸೇರುತ್ತವೆ. ಒಂದರಲ್ಲಿ ಷರತ್ತೇ ಇಲ್ಲದಿದ್ದರೆ ಎಲ್ಲ ಸಾಲೂ ಹೋಗುತ್ತದೆ. ಟ್ರಂಕೇಟ್ ಯಾವ ಫಿಲ್ಟರನ್ನೂ ಕೇಳುವುದಿಲ್ಲ. ಫಿಲ್ಟರ್ ಬದಲಿಸಿದರೆ ಅದು ಮುಂದಿನ ಬದಲಾವಣೆಗಳಿಗೆ ಮಾತ್ರ. ಅಲ್ಲಿ ಆಗಲೇ ಇರುವ ಸಾಲು ಹೋಗುವುದಿಲ್ಲ, ಹಿಂದೆ ಬಿಟ್ಟುಹೋದದ್ದು ಬರುವುದಿಲ್ಲ, ಟೇಬಲನ್ನು ಪಬ್ಲಿಕೇಶನ್ನಿನಿಂದ ತೆಗೆದು, ಖಾನಾಪುರದಲ್ಲಿ ಖಾಲಿ ಮಾಡಿ, ಮತ್ತೆ ಸೇರಿಸಬೇಕು. ಮತ್ತೆ, ಫಿಲ್ಟರನ್ನು ಬೀಗ ಅಂದುಕೊಳ್ಳಬೇಡ. ಪಬ್ಲಿಕೇಶನ್‌ಗಳಿಗೆ ಬೇರೆ ಬೇರೆ ಪರವಾನಗಿ ಕೊಡುವ ಏರ್ಪಾಡು ಇಲ್ಲ. ಖಾನಾಪುರದ ರೆಪ್ಲಿಕೇಶನ್ ಲಾಗಿನ್ ಆ ಡೇಟಾಬೇಸಿನ ಯಾವ ಪಬ್ಲಿಕೇಶನ್ ಬೇಕಾದರೂ ಕೇಳಬಹುದು. ಇಡೀ ಜಿಲ್ಲೆಯದ್ದನ್ನು ಕಳಿಸುವ ಇನ್ನೊಂದು ಪಬ್ಲಿಕೇಶನ್ ಅಲ್ಲೇ ಇದ್ದರೆ ನಿನ್ನ ಫಿಲ್ಟರ್ ಗುಟ್ಟು ಕಾಯುವುದಿಲ್ಲ. ಸದಸ್ಯರು ನಂಬಿ ಕೊಟ್ಟ ವಿವರ ಅದು, ಈ ವಿಷಯವನ್ನು ನಿನ್ನ ಮೇಲಿನವರ ಹತ್ತಿರ ಬಾಯಿಬಿಟ್ಟು ಹೇಳು.

ಕೊನೆಯದಾಗಿ ಮಳೆಗಾಲದ ಮಾತು. ಬೆಳಗಾವಿಯಿಂದ ಖಾನಾಪುರ 25 ಕಿ.ಮೀ. ಆಸುಪಾಸು, ಆದರೆ ಜುಲೈನಲ್ಲಿ ಅದು ಬೇರೆಯೇ ನಾಡು. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಮಳೆ ಹಿಡಿದರೆ ಕರೆಂಟು, ಇಂಟರ್ನೆಟ್ ಎರಡನ್ನೂ ನೆಚ್ಚಿಕೊಳ್ಳಲು ಬರುವುದಿಲ್ಲ. ಖಾನಾಪುರದ ಸರ್ವರ್ ಕೈಗೆ ಸಿಗದಿದ್ದಷ್ಟು ಹೊತ್ತು ಬೆಳಗಾವಿಯ ಸ್ಲಾಟ್ ವಾಲ್ ಫೈಲುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಬರೀ ಒಂದು ತಾಲೂಕಿನದು ತಾನೆ, ಎಷ್ಟಾದೀತು ಅನ್ನಬೇಡ. ಫಿಲ್ಟರ್ ಓಡುವುದು ಓದುವಾಗ, ಹಿಡಿದಿಡುವಾಗಲ್ಲ. ಅಲ್ಲಿ ಪೇರುವುದು ಇಡೀ ಸರ್ವರಿನ ಲಾಗ್. ಅದಕ್ಕೆ ಮಿತಿ ಹಾಕುವ ‘ಮ್ಯಾಕ್ಸ್ ಸ್ಲಾಟ್ ವಾಲ್ ಕೀಪ್ ಸೈಜ್’ ಎಂಬ ಸೆಟ್ಟಿಂಗ್ ಹದಿಮೂರನೇ ಆವೃತ್ತಿಯಿಂದ ಇದೆ, ಆದರೆ ನೀನು ಏನೂ ಹಾಕದಿದ್ದರೆ ಮಿತಿಯೇ ಇಲ್ಲ. ಡಿಸ್ಕ್ ತುಂಬಿ ಮುಖ್ಯ ಕಚೇರಿಯೇ ನಿಂತೀತು. ಮಿತಿ ಹಾಕಿದರೆ, ಅದು ದಾಟಿದಾಗ ಸ್ಲಾಟ್ ಕೆಡುತ್ತದೆ, ಖಾನಾಪುರವನ್ನು ಮೊದಲಿನಿಂದ ತುಂಬಬೇಕಾಗುತ್ತದೆ. ಎರಡರಲ್ಲಿ ಎರಡನೆಯದೇ ವಾಸಿ. ಒಂದು ದಿನಕ್ಕೆ ನಿಮ್ಮಲ್ಲಿ ಎಷ್ಟು ವಾಲ್ ಬೀಳುತ್ತದೆ ಎಂದು ಈ ವಾರ ಅಳೆದು ನೋಡು, ಮೂರ್ನಾಲ್ಕು ದಿನಕ್ಕೆ ಸಾಲುವಷ್ಟು ಮಿತಿ ಇಡು, ಡಿಸ್ಕಿನಲ್ಲಿ ಅದಕ್ಕಿಂತ ಹೆಚ್ಚು ಜಾಗ ಬಿಡು. ಮೇ ತಿಂಗಳೊಳಗೆ ಒಮ್ಮೆ ಖಾನಾಪುರದ ಲೈನನ್ನು ನೀನೇ ಕಿತ್ತು ಒಂದು ದಿನ ಬಿಟ್ಟು ನೋಡು. ಆ ದಿನ ನಾನೂ ಕಚೇರಿಗೆ ಬರುತ್ತೇನೆ.